ಪೊರೆಯ ಹಿಂದೆ

ಧನಗೆರೆಯ ಪುಟ್ಟಗೌರಮ್ಮನಿಗೆ ಸಕ್ಕರೆ ಕಾಯಿಲೆ ಹಳೆಯದು. ಬಲಗಣ್ಣಿನ ಪೊರೆ ಬಲಿತಾಗ ಗಂಡ ಮಾರಯ್ಯ ಅವಳನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದು ಆಪರೇಷನ್ ಮಾಡಿಸಿದ. ಅದು ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆ. ದಪ್ಪ ಕನ್ನಡಕ ಹಾಕಿಕೊಂಡ ಗೌರಮ್ಮ ಗಂಡನ ಮುಖ ನೋಡಿ, "ಅಯ್ಯೋ, ಮೀಸೆಯೆಲ್ಲ ಬೆಳ್ಳಗಾಗೋಗದಲ್ಲ!" ಎಂದು ನಕ್ಕಳು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ರಾಗಿ ಕೇರುತ್ತಿದ್ದವಳು ಮೊರದಲ್ಲಿದ್ದ ಕಪ್ಪು ಚುಕ್ಕೆಗಳನ್ನು ಹೆಕ್ಕಲು ಹೋದಳು. ಬೆರಳಿಗೆ ಏನೂ ಸಿಗಲಿಲ್ಲ. ಮುಖ ಎತ್ತಿದರೆ ಚುಕ್ಕೆಗಳು ಗೋಡೆಯ ಮೇಲಿದ್ದವು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿದಳು, ಆಗಲೂ ಇದ್ದವು.

"ಒಸಾ ಕಣ್ಣು ಕಣಮ್ಮಿ, ಒಗ್ಗಬೇಕು," ಎಂದ ಮಾರಯ್ಯ. "ಬಿತ್ತನೆ ಮುಗೀಲಿ, ಓಗಿ ತೋರ್ಸವ."

ಬಿತ್ತನೆ ಮುಗಿಯುವುದರೊಳಗೆ ಚುಕ್ಕೆಗಳು ಹೊಗೆಯಾದವು. ಕಣ್ಣಿನ ಮೂಲೆಯಲ್ಲಿ ಮಿಂಚಿನಂತೆ ಏನೋ ಹೊಳೆದು ಮಾಯವಾಗುತ್ತಿತ್ತು. ನೋವಿರಲಿಲ್ಲ. ನೋವಿಲ್ಲವೆಂದೇ ಅವಳು ಮತ್ತೆ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಗಂಡನ ತಟ್ಟೆಗೆ ಮುದ್ದೆ ಬಡಿಸುತ್ತಿದ್ದವಳ ಕೈ ನಿಂತಿತು. ಎಡಗಣ್ಣು ಮುಚ್ಚಿ ನೋಡಿದಳು. ಗಂಡನ ತಲೆ ಕಾಣುತ್ತಿತ್ತು. ಎದೆಯಿಂದ ಕೆಳಗೆ ಬರೀ ಕಪ್ಪು.

"ನಿಮ್ಮ ತಣಿಗೆ ಎಲ್ಲದೆ?" ಎಂದಳು.

ಮಾರನೆಯ ದಿನವೇ ಮೈಸೂರಿಗೆ ಹೋದರು. ಡಾಕ್ಟರು ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಕಣ್ಣೊಳಗಿನ ಪರದೆ ಕಳಚಿಕೊಂಡಿದೆ. ಸಕ್ಕರೆ ಕಾಯಿಲೆಯಿಂದ ಅಲ್ಲಿ ಮೊದಲೇ ರಕ್ತ ಒಸರಿತ್ತು. ಪೊರೆ ಅಡ್ಡ ಇದ್ದದ್ದರಿಂದ ನಮಗೆ ಕಂಡಿರಲಿಲ್ಲ."

"ತಿರ್ಗ ಕೂರ್ಸಕಾಗಕಿಲ್ವಾ ಸಾ?" ಎಂದ ಮಾರಯ್ಯ.

"ಇನ್ನು ಆಗುವುದಿಲ್ಲ."

ಎಡಗಣ್ಣನ್ನೂ ನೋಡಿದರು. ಈ ಸಲ ಬೇಗನೆ ದೀಪ ಆರಿಸಿ, "ಇಲ್ಲೂ ಶುರುವಾಗಿದೆ," ಎಂದರು.

"ಈ ಕಣ್ಣು ಇನ್ನೆಸ್ಟು ದಿನ ಇದ್ದದು ಸಾ?" ಗೌರಮ್ಮ ಕೇಳಿದಳು.

ಡಾಕ್ಟರು ಪಥ್ಯದ ಮಾತಾಡಿದರು, ಮಾತ್ರೆ ಬರೆದರು.

ವಾಪಸು ಬರುವಾಗ ಬಸ್ಸಿನಲ್ಲಿ ಮಾರಯ್ಯ, "ಬಿತ್ನೆ ಬಿತ್ನೆ ಅಂತ ನಾನೇ ತಡ ಮಾಡ್ಬುಟ್ಟೆ," ಎಂದ. ಅವಳು ಎಡಗಣ್ಣನ್ನು ಮುಚ್ಚಿ ತೆರೆದು ಕಿಟಕಿಯಾಚೆ ನೋಡುತ್ತಿದ್ದಳು.

ಆಮೇಲೊಂದು ಸಂಜೆ ಹೊಲದಿಂದ ಬಂದವನು ಹಿತ್ತಲಲ್ಲಿ ನಿಂತುಬಿಟ್ಟ. ಗೌರಮ್ಮ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಸೊಂಟದಲ್ಲಿ ಬಿಂದಿಗೆಯಿಟ್ಟು, ಬಾವಿಯ ಕಡೆ ನಡೆಯುತ್ತಿದ್ದಳು. ಅವನು ಓಡಿಹೋಗಿ ರಟ್ಟೆ ಹಿಡಿದ.

"ಬುಡಿ," ಎಂದಳು ಕಣ್ಣು ತೆರೆಯದೆ. "ಈಗ ದಾರಿ ತಪ್ಪುದ್ರೆ ಕಣ್ಬುಟ್ಟು ನೋಡ್ಕಬೋದು. ಆಮ್ಯಾಕೆ ಆಗಕಿಲ್ಲ."

ಮಾರಯ್ಯ ಕೈ ಬಿಟ್ಟ. ಅವಳ ಮುಂದೆ ಬಿದ್ದಿದ್ದ ಗುದ್ದಲಿಯನ್ನು ಸದ್ದಾಗದಂತೆ ಎತ್ತಿಕೊಂಡು ಪಕ್ಕಕ್ಕೆ ಸರಿದ. ಗೌರಮ್ಮ ಒಂದು ಕೈ ಚಾಚಿ, ಬಾವಿಯ ಕಟ್ಟೆಯನ್ನು ಹುಡುಕುತ್ತಾ ಹೋದಳು.