ಮುತ್ತತ್ತಿಯ ಏರು

ತಾನು ಸೈಕಲ್ಲಿನಿಂದ ಇಳಿದದ್ದನ್ನು ಮುದ್ದಯ್ಯ ನೋಡಲಿಲ್ಲವೋ, ನೋಡಿಯೂ ನೋಡದವನಂತೆ ಹೋದನೋ? ಮುತ್ತತ್ತಿಯ ಕಾಡಿನಿಂದ ಹಲಗೂರಿನತ್ತ ಹತ್ತುವ ಏರಿನಲ್ಲಿ ಒಬ್ಬನೇ ಸೈಕಲ್ ತಳ್ಳುತ್ತ ಕರಿಸಿದ್ದಯ್ಯ ಇದನ್ನೇ ಯೋಚಿಸುತ್ತಿದ್ದ. ಎರಡನೇ ಮಹಾಯುದ್ಧ ಮುಗಿದು ಸೈಕಲ್ ಟೈರುಗಳು ಮತ್ತೆ ಸಿಗತೊಡಗಿದ ಮೇಲೆ ಗೆಳೆಯರಿಬ್ಬರೂ ಭಾನುವಾರ ಬಂತೆಂದರೆ ಮಂಡ್ಯ ಬಿಟ್ಟು ಹೊರಡುತ್ತಿದ್ದರು. ಏರಿನಲ್ಲಿ ಒಬ್ಬ ಇಳಿದರೆ ಇನ್ನೊಬ್ಬನೂ ಇಳಿದು ಜೊತೆಗೆ ನಡೆಯುವುದು ಅವರ ರೂಢಿ. ಇಂದು ಮುದ್ದಯ್ಯ ತನ್ನ ಆಫೀಸಿಗೆ ಹೊಸದಾಗಿ ಬಂದ ಪುಟ್ಟಮಾದಯ್ಯನನ್ನೂ ಕರೆತಂದಿದ್ದ. ಅವರಿಬ್ಬರೂ ನಗುತ್ತ ಪೆಡಲು ತುಳಿದು ಮುಂದೆ ಹೋಗಿದ್ದರು.

ಮೇಲಿನ ತಿರುವಿನಲ್ಲಿ ಪುಟ್ಟಮಾದಯ್ಯ ಏದುಸಿರು ಬಿಡುತ್ತ ಇಳಿದ. ಮರುಗಳಿಗೆಯೇ ಮುದ್ದಯ್ಯನೂ ಇಳಿದ.

"ನಮ್ಮಲ್ಲಿ ಅಂಗೇ ಕಣ್ಲಾ. ಒಬ್ಬ ಇಳುದ್ರೆ ಇನ್ನೊಬ್ಬನೂ ಇಳೀಬೇಕು," ಎಂದು ಅವನ ಹೆಗಲು ತಟ್ಟಿದ.

ಕೆಳಗಿದ್ದ ಕರಿಸಿದ್ದಯ್ಯನಿಗೆ ಅದು ಕೇಳಿಸಿತು.

ಅವನು ಹತ್ತಿರ ಬಂದಾಗ ಮುದ್ದಯ್ಯ ನಕ್ಕ. "ಯಾಕ್ಲಾ ಸಿದ್ದ, ಸವತಿ ಕಂಡೋಳಂಗೆ ಮೊಕ ಊದುಸ್ಕಂಡಿದ್ದೀಯೆ?"

"ಏನಿಲ್ಲ ಬುಡ್ಲಾ. ಚೈನು ಕಳಚ್ಕತ್ತು."

ಪುಟ್ಟಮಾದಯ್ಯ ಪಾಪ, ಬಗ್ಗಿ ಚೈನು ನೋಡಿದ. ಅದು ಸರಿಯಾಗಿಯೇ ಇತ್ತು. ಅವನು ಎದ್ದು ಕೈ ಒರೆಸಿಕೊಂಡ.

ಮೂವರೂ ಸೈಕಲ್ ತಳ್ಳಿಕೊಂಡು ಏರು ಹತ್ತಿದರು. ಆ ರೂಢಿ ನಮ್ಮಿಬ್ಬರದು ಮಾತ್ರ ಎಂದು ಕರಿಸಿದ್ದಯ್ಯ ಮುದ್ದಯ್ಯನಿಗೆ ಎಂದೂ ಹೇಳಲಿಲ್ಲ.