ಟೋಕನ್ ಕಿಟಕಿಯ ಪ್ರಶ್ನೆ

ಆರೋಗ್ಯ ಕೇಂದ್ರದ ಟೋಕನ್ ಕಿಟಕಿಯಲ್ಲಿ ಕೂರುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಮೈಕಕ್ಕ. ಕೆಟ್ಟವಳಲ್ಲ, ಅಯ್ಯೋ, ಖಂಡಿತ ಅಲ್ಲ. ಆದರೆ ಗಂಟಲು ಅಂಥದ್ದು. "ಏನು ತೊಂದರೆ? ಮುಟ್ಟು ನಿಂತಿದೆಯಾ? ಬಿಳಿ ಹೋಗ್ತಿದೆಯಾ?" ಅಂತ ಅವಳು ಕೇಳಿದರೆ ಬೆಂಚಿನ ಮೇಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಕೇಳಿ, ಸರಿಯಾದ ಕೋಣೆಗೆ ಕಳಿಸುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳತ್ತ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಹೊಸ ಆದೇಶ ಬಂತು. ಹರೆಯದವರ ಆರೋಗ್ಯದ ವಿಷಯ ತೀರ್ಮಾನ ಮಾಡುವಾಗ ಹರೆಯದವರೂ ಕೇಂದ್ರದ ಸಮಿತಿಯಲ್ಲಿ ಕೂರಬೇಕು, ಅವರಿಗೂ ಮತ ಇರಬೇಕು. ಫೋಟೊಗೆ ನಿಂತು ಬಿಸ್ಕತ್ತು ತಿಂದು ಹೋಗ್ತಾರೆ ಬಿಡಿ ಅಂದುಕೊಂಡರು ದೊಡ್ಡವರು. ಅಲ್ಲೇ ಎಡವಿದ್ದು! ಬಂದವರಲ್ಲಿ ಒಬ್ಬಳು ಮೈಕಕ್ಕನ ಅಣ್ಣನ ಮಗಳು, ಅತ್ತೆಯ ಮನೆಯಲ್ಲೇ ಬೆಳೆದ ಹದಿನೇಳರ ಹುಡುಗಿ. ಎದ್ದು ನಿಂತು ಹೇಳಿಯೇಬಿಟ್ಟಳು.

"ಕಿಟಕಿಯಲ್ಲಿ ನಮ್ಮನ್ನ ಏನೂ ಕೇಳಬಾರದು. ಟೋಕನ್ ಕೊಟ್ರೆ ಸಾಕು. ಮಿಕ್ಕಿದ್ದು ಒಳಗೆ ಬಾಗಿಲು ಹಾಕಿ ನರ್ಸ್ ಕೇಳಲಿ. ನಾವು ಒಪ್ಪದೆ ಮನೆಯವರಿಗೂ ಹೇಳಬಾರದು. ನಮ್ಮ ವಯಸ್ಸಿನವರು ಸಾಲಿನಿಂದಲೇ ವಾಪಸ್ ಹೋಗ್ತಿದಾರೆ."

ಸಿಬ್ಬಂದಿಯ ಪರವಾಗಿ ಸಮಿತಿಯಲ್ಲಿದ್ದವಳು ಮೈಕಕ್ಕನೇ. ಅವಳಿಗೆ ಮೈಯೆಲ್ಲ ಉರಿದುಹೋಯಿತು. "ನನ್ನಿಂದ ವಾಪಸ್ ಹೋದೋರು ಯಾರಂತೆ? ಒಬ್ಬರ ಹೆಸರು ಹೇಳಲಿ, ನೋಡೋಣ!"

"ಹೆಸರು ಹೇಳೋ ಹಾಗಿದ್ರೆ ಈ ನಿಯಮಾನೇ ಬೇಕಿರಲಿಲ್ಲ," ಅಂದಳು ಹುಡುಗಿ.

ಮತಕ್ಕೆ ಹಾಕಿದರೆ ಪರ, ವಿರೋಧ ಸಮಸಮ. ಇನ್ನೂ ಕೈ ಎತ್ತದವಳು ಮೈಕಕ್ಕ ಒಬ್ಬಳೇ. ಅವಳ ಮುಖ ನೋಡಿದ ಡಾಕ್ಟರಮ್ಮ, ನಾಳೆ ಹೇಳಿ ಅಂದು ಸಭೆ ಮುಗಿಸಿದರು.

ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಉಳಿಗಾಲವಿರಲಿಲ್ಲ. "ನಾಲ್ಕು ಜನರ ಮುಂದೆ ಮಾನ ತೆಗೆದೆಯಲ್ಲೇ! ಇದಕ್ಕಾ ನಿನ್ನ ಸಾಕಿದ್ದು?"

ಹುಡುಗಿ ತಲೆ ಬಗ್ಗಿಸಿ ತರಕಾರಿ ಹೆಚ್ಚುತ್ತಿದ್ದಳು. ಆ ಬಗ್ಗಿದ ತಲೆ ನೋಡುತ್ತಿದ್ದಂತೆ ಮೈಕಕ್ಕನಿಗೆ ಹೋದ ವರ್ಷ ನೆನಪಾಯಿತು. ಆಗ ಎಷ್ಟೋ ದಿನ ಈ ಹುಡುಗಿ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. ಕೇಳಿದರೆ ಪರೀಕ್ಷೆಯ ಟೆನ್ಷನ್ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಟೋಕನ್ ಸಾಲಿನಲ್ಲಿ ಅವಳ ನೀಲಿ ಬ್ಯಾಗು ಕಂಡ ಹಾಗಾಗಿತ್ತು, ತಲೆ ಎತ್ತಿ ನೋಡುವಷ್ಟರಲ್ಲಿ ಇರಲಿಲ್ಲ. ಮೈಕಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಲೇ... ವಾಪಸ್ ಹೋದೋಳು ನೀನೇನಾ? ಏನಾಗಿತ್ತೇ? ಈಗ ವಾಸಿ ಆಗಿದೆಯಾ?"

"ಅತ್ತೆ, ನೀವಿನ್ನೂ ಕಿಟಕಿಯಲ್ಲೇ ಕೂತಿದೀರ," ಅಂದಳು ಹುಡುಗಿ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮಾರನೇ ದಿನ ಮೈಕಕ್ಕ ಯಾರ ಮುಖವನ್ನೂ ನೋಡದೆ ನಿಯಮದ ಪರ ಕೈ ಎತ್ತಿದಳು. ಹರೆಯದವರು ಒಬ್ಬೊಬ್ಬರಾಗಿ ಬರತೊಡಗಿದರು. ಅವರನ್ನು ಏನೂ ಕೇಳದೆ ಕೂರುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ, ಮೊದಮೊದಲು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಟೋಕನ್ ಕೊಡುತ್ತಿದ್ದಳು. ಕಾಂಪೌಂಡರ್ ನಕ್ಕಿದ್ದೂ ನಕ್ಕಿದ್ದೇ.

ಹಾಗಿರುವಾಗ ಒಂದು ದಿನ ಕಿಟಕಿಯೊಳಗೆ ಚಾಚಿದ ಕೈ ಅಣ್ಣನ ಮಗಳದ್ದು. ಮುಖ ಬಿಳಿಚಿಕೊಂಡಿತ್ತು. ಪ್ರಶ್ನೆಗಳೆಲ್ಲ ಮೈಕಕ್ಕನ ಬಾಯಿಗೆ ಬಂದವು. ಏನಾಯ್ತೇ ನನ್ನ ಕಂದಾ, ಯಾವಾಗಿನಿಂದ, ಯಾರಿಂದ, ನನಗೊಂದು ಮಾತು ಹೇಳಬಾರದಿತ್ತಾ?

ಒಂದನ್ನೂ ಕೇಳಲಿಲ್ಲ. ಟೋಕನ್ ಕೊಟ್ಟಳು. ಹುಡುಗಿ ತೆಗೆದುಕೊಂಡು ಒಳಗೆ ಹೋದಳು, ನರ್ಸ್ ಬಾಗಿಲು ಹಾಕಿಕೊಂಡಳು.

ಸಾಲಿನಲ್ಲಿದ್ದ ಅಜ್ಜನೊಬ್ಬ ಕೇಳಿದ. "ಯಾಕಮ್ಮಾ, ಅಳ್ತಿದೀಯ?"

"ಬಂದಳಲ್ಲ," ಅಂದಳು ಮೈಕಕ್ಕ.