ಶಿವಲಿಂಗಮ್ಮ ಕಟ್ಟಿದ ಪದ

ಶಿವಲಿಂಗಮ್ಮ ಕಟ್ಟಿದ ಐವತ್ತಾರು ಪದಗಳನ್ನು ಅಶ್ವಥ್ ಮೇಷ್ಟ್ರು ತಾವೇ ಬರೆದ ಕವಿತೆಗಳೆಂದು ಪುಸ್ತಕ ಮಾಡಿಸಿದರು. ಮುಖಪುಟದಲ್ಲಿ ಅವರ ಹೆಸರಿದೆ, ಹಿಂಬದಿಯಲ್ಲಿ ಅವರ ಫೋಟೋ ಇದೆ. ಶಿವಲಿಂಗಮ್ಮನ ಹೆಸರು ಎಲ್ಲಿಯೂ ಇಲ್ಲ.

"ಊದುಬತ್ತಿ ಆರ್ಸ್ರಪ್ಪೋ! ಮನೇಲಿ ಹುಳ ಅವೆ!"

ಶಿವಲಿಂಗಮ್ಮನ ಸೊಸೆ ಶ್ವೇತ ಅಂಗಳದಿಂದಲೇ ಕೂಗಿದಳು. ಯಾರೋ ಹಚ್ಚಿ ಅತ್ತೆಯ ಹೆಣದ ತಲೆದೆಸೆಯಲ್ಲಿ ಸಿಕ್ಕಿಸಿದ್ದ ಕಟ್ಟನ್ನು ಅವಳ ಗಂಡ ಬಾಲರಾಜು ಕಿತ್ತು ಮಣ್ಣಿಗೆ ಒತ್ತಿದ. ರೇಷ್ಮೆಹುಳ ಪೊರೆ ಬಿಡುವ ನಾಲ್ಕನೇ ಜ್ವರದಿಂದೆದ್ದು ಮೂರು ದಿನವಾಗಿತ್ತು, ಇನ್ನು ನಾಲ್ಕೈದು ದಿನದಲ್ಲಿ ಗೂಡು ಕಟ್ಟಬೇಕು. ಹೊಗೆ ತಾಗಿದರೆ ಸೊಪ್ಪು ಬಿಟ್ಟುಬಿಡುತ್ತವೆ. ಅದಕ್ಕೇ ಶಿವಲಿಂಗಮ್ಮನನ್ನು ಮನೆಯ ಮುಂದೆ ಮಲಗಿಸದೆ, ದೂರದ ಹೊಂಗೆಮರದ ಕೆಳಗೆ ಮಲಗಿಸಿದ್ದರು. ಸಾಂಬ್ರಾಣಿ ಇಲ್ಲ, ಪಟಾಕಿ ಇಲ್ಲ.

ಗುಂಡಿ ತೋಡಲು ಬಂದಿದ್ದ ಅಂಕಯ್ಯ ಬಾಯಿಗಿಟ್ಟಿದ್ದ ಬೀಡಿಯನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡ. "ಬದ್ಕಿದ್ದಾಗ ಬೀಡಿ ಸೇದೋರ್ನ ಆಳುದ್ದ ದೂರ ನಿಲ್ಲುಸ್ತಿದ್ಲು. ಸತ್ಮೇಲೂ ಬುಡ್ನಿಲ್ವಲ್ಲಪ್ಪ ಈ ಯಮ್ಮ!"

ಅಳುತ್ತಿದ್ದ ಹೆಂಗಸರೂ ನಕ್ಕುಬಿಟ್ಟರು.

ಚನ್ನಪಟ್ಟಣದ ಬಸ್ಸಿಳಿದು ಮುನವ್ವರಾ ಬಂದಾಗ ಹತ್ತು ಗಂಟೆ. ಮದುವೆಗೆ ಮುಂಚೆ ಶಿವಲಿಂಗಮ್ಮ ರೇಷ್ಮೆನೂಲು ತೆಗೆಯುವ ಶೆಡ್ಡಿನಲ್ಲಿ ಕೂಲಿಗಿದ್ದಾಗ ಗೂಡು ಬೇಯಿಸುವ ಪಕ್ಕದ ಬಾಣಲೆಯ ಮುಂದೆ ಕೂತಿದ್ದವಳು ಈ ಮುನವ್ವರಾ. ಗೆಳತಿಯ ಕಾಲು ಹಿಡಿದು ಹೊಟ್ಟೆತುಂಬ ಅತ್ತಳು. ಆಮೇಲೆ ಸೆರಗಲ್ಲಿ ಮೂಗೊರೆಸಿಕೊಂಡು, "ಹುಳಕ್ಕೆ ಸೊಪ್ಪು ಹಾಕಿದ್ರಾ?" ಎಂದಳು.

ಶ್ವೇತ ಇಲ್ಲವೆಂದು ತಲೆಯಾಡಿಸಿದಳು. "ಎಲ್ರೂ ಹೆಣ ಮುಟ್ಟಿದೀವಿ. ಸೂತಕದೋರು ಹುಳದ ಮನೆಗೆ ಕಾಲಿಡೋ ಹಂಗಿಲ್ಲ ಮುನವ್ವರಮ್ಮ."

"ಸೂತಕ ನಿಮ್ಗೆ. ನಂಗ್ಯಾವ ಸೂತಕ? ಸೊಪ್ಪೆಲ್ಲೈತೆ ತೋರ್ಸು."

ಬೋರಿನ ಕೆಳಗೆ ಕೂತು ತಲೆಯಿಂದ ನೀರು ಸುರಿದುಕೊಂಡು, ಹಾಗೇ ಒದ್ದೆ ಬಟ್ಟೆಯಲ್ಲಿ ಮುನವ್ವರಾ ಹುಳದ ಮನೆ ಹೊಕ್ಕಳು.

* * *

ಪದಗಳನ್ನು ಮೇಷ್ಟ್ರಿಗೆ ಬರೆದುಕೊಟ್ಟವಳು ಶ್ವೇತಳೇ. ಅವರು ಅವಳಿಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವರು. "ನಿಮ್ಮತ್ತೆ ಪದಗಳ್ನ ಬರ್ಕೊಡಮ್ಮ, ಪುಸ್ತಕ ಮಾಡ್ಸೋಣ" ಎಂದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಬೇಸಿಗೆಯುದ್ದಕ್ಕೂ ಅತ್ತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ಹಾಡಿದಳು, ಸೊಸೆ ಬದುವಿನ ಮೇಲೆ ಕೂತು ಬರೆದಳು. ಆ ಪದಗಳಲ್ಲಿ ದೇವರಿಗಿಂತ ಜನವೇ ಹೆಚ್ಚು. ಕುಡಿದು ಬಂದು ಬಡಿದ ಗಂಡಂದಿರಿದ್ದರು, ಹೆರಿಗೆಯಾದ ಹದಿನೈದು ದಿನಕ್ಕೇ ಕೆಲಸಕ್ಕೆ ಕರೆದ ಸಾಹುಕಾರರಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಮುನವ್ವರಾ ಇದ್ದಳು.

ಪುಸ್ತಕ ಬಂದ ದಿನ ಶಿವಲಿಂಗಮ್ಮ ಕೈ ತೊಳೆದುಕೊಂಡು ಬಂದು ಕೂತಳು. "ನನ್ನೆಸ್ರು ಎಲ್ಲೈತೆ, ಒಸಿ ತೋರ್ಸವ್ವ."

ಶ್ವೇತ ಮೊದಲಿನಿಂದ ಕೊನೆಯವರೆಗೆ ಹಾಳೆ ಮಗುಚಿದಳು. ಅತ್ತೆಯ ಮುಖ ನೋಡಲಾಗಲಿಲ್ಲ. ಮುಖಪುಟದ ಮೇಲಿದ್ದ ಮೇಷ್ಟ್ರ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೈತೆ ಅತ್ತೆ" ಎಂದುಬಿಟ್ಟಳು.

ಓದು ಬಾರದ ಶಿವಲಿಂಗಮ್ಮ ಆ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರಿದಳು. "ದಪ್ಪಕೇ ಹಾಕವ್ರೆ" ಎಂದಳು.

* * *

ಹುಳದ ಮನೆಯ ಹೊಸಿಲಾಚೆ ನಿಂತು ಶ್ವೇತ ಎಲ್ಲವನ್ನೂ ಹೇಳಿಕೊಂಡಳು. ಮುನವ್ವರಾ ಸೊಪ್ಪು ಹರಡುವ ಕೈ ನಿಲ್ಲಿಸಲಿಲ್ಲ.

"ಅವಳ್ಗೆ ಗೊತ್ತಿತ್ತು ಬುಡು."

"ಏನು?"

"ಮಾರ್ನೇ ವಾರವೇ ಪುಸ್ತಕ ಚೀಲಕ್ಕಾಕ್ಕೊಂಡು ನಮ್ಮನೆಗ್ ಬಂದಿದ್ಲು. ನನ್ ಮೊಮ್ಮಗಳು ಜುವೇರಿಯಾ ಓದಿ, 'ಇದು ನಿಮ್ಮೆಸ್ರಲ್ಲ ಅಜ್ಜಿ' ಅಂದ್ಲು."

ಶ್ವೇತ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಬೈದ್ರಾ?"

"ಮೇಷ್ಟ್ರುನ್ನ ಬೈದ್ಲು. ಮಗೀನ ಕಿವಿ ಮುಚ್ಚಿದೆ, ಹಂಗೆ ಬೈದ್ಲು. ನಿನ್ನ ಬೈಲಿಲ್ಲ. 'ನನ್ ಸೊಸೆ ನನ್ ಮನ್ಸು ನೋಯ್ಬಾರ್ದು ಅಂತ ಸುಳ್ ಹೇಳವ್ಳೆ ಕಣೆ, ನಾನೂ ನಂಬ್ದೋಳಂಗೆ ಇದ್ಬುಡ್ತೀನಿ' ಅಂದ್ಲು. ಆಮೇಲೆ ನನ್ನೆಸ್ರು ಹುಡುಕ್ಸಿದ್ಲು. ಅದೂ ಇಲ್ಲ, ಎಲ್ಲಾ ಕಡೆ ಸಖಿ ಅಂತ ಹಾಕವ್ರೆ. ಆಗ ಅತ್ಲು ನೋಡು. ತನ್ನೆಸ್ರಿಗೆ ಅಳ್ಲಿಲ್ಲ." ಮುನವ್ವರಾ ಬುಟ್ಟಿ ಕೊಡವಿದಳು. "ನಾನ್ ಯಾವೋಳ್ ಸಖಿ? ಹೇಳು!"

ಅಳುತ್ತಲೇ ಶ್ವೇತಳಿಗೆ ನಗು ಬಂತು.

ಗುಂಡಿ ತೋಡಿದ್ದು ಹಿಪ್ಪುನೇರಳೆ ತೋಟದ ಮೂಲೆಯಲ್ಲಿ. ಸ್ವಂತ ತೋಟವಾದ್ದರಿಂದ ಹೆಂಗಸರೂ ಸುತ್ತ ನಿಂತಿದ್ದರು. ಹೆಣ ಇಳಿಸಿದ್ದಾಯಿತು, ಬಾಲರಾಜು ಮೂರು ಹಿಡಿ ಮಣ್ಣು ಹಾಕಿದ್ದಾಯಿತು. ಅಷ್ಟರಲ್ಲಿ ಬಿಳಿ ಜುಬ್ಬದ ಅಶ್ವಥ್ ಮೇಷ್ಟ್ರು ಮುಂದೆ ಬಂದು ಪುಸ್ತಕ ಚಾಚಿದರು.

"ಮಣ್ ಮುಚ್ಚೋಕ್ ಮುಂಚೆ ಒಂದು ಕವಿತೆ ಓದಮ್ಮ ಶ್ವೇತ. ಹನ್ನೆರಡನೇ ಪುಟ. ಪಾಪ, ನನ್ನ ಪದಗಳನ್ನ ಎಷ್ಟು ಚೆನ್ನಾಗಿ ಹಾಡ್ತಿದ್ರು ಶಿವಲಿಂಗಮ್ಮನೋರು!"

ಬಾಲರಾಜು ಹೆಂಡತಿಯ ಕಿವಿಯ ಹತ್ತಿರ ಬಂದು, "ಓದ್ಬುಡೆ. ಊರೋರ ಮುಂದೆ ರಗಳೆ ಬ್ಯಾಡ" ಎಂದ.

ಶ್ವೇತ ಪುಸ್ತಕ ತೆಗೆದುಕೊಂಡಳು. ಪುಟ ತೆರೆದಳು. ಮೊದಲ ಸಾಲಿನ 'ಸಖಿ'ಯ ಹತ್ತಿರ ಅವಳ ದನಿ ನಿಂತಿತು. ಪುಸ್ತಕ ಮುಚ್ಚಿ ಮೇಷ್ಟ್ರ ಕೈಗೇ ಕೊಟ್ಟಳು.

"ಇದು ನಿಮ್ ಪದ ಅಲ್ಲ ಸಾರ್. ಕಟ್ಟಿದ್ದು ನಮ್ಮತ್ತೆ. ನೋಟ್‌ಬುಕ್ಕಲ್ಲಿ ಬರ್ದು ನಿಮ್ಗೆ ಕೊಟ್ಟೋಳು ನಾನು. ಅತ್ತೆಗೆ ಒಂದ್ಸಲ ಸುಳ್ ಹೇಳಿದೀನಿ, ಇವತ್ತು ಇನ್ನೊಂದ್ ಹೇಳಿ ಕಳ್ಸಕಾಗಕಿಲ್ಲ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಪದ ಎತ್ತಿಕೊಂಡಿದ್ದಳು:

ಕುದಿಯೋ ನೀರಾಗೆ ಕೈ ಬೆಂದೊ ಮುನವ್ವರಾ
ಬದಿಗೆ ಬಾ ಒಸಿ ಕೂತ್ಕೊಳ್ಳೆ, ನಮ್ ಬಾಳು
ಅದಿರ್ಲಿ, ನಮ್ ನೂಲು ಯಾರ್ ಸೀರೆ?

ತನ್ನ ಹೆಸರು ಕೇಳಿ ಮುನವ್ವರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎರಡನೆಯ ಸಲಕ್ಕೆ ಹೆಂಗಸರ ಕಡೆಯಿಂದ ಇನ್ನೊಂದು ದನಿ ಸೇರಿತು. ಆಮೇಲೆ ನಾಲ್ಕಾದವು. ಎಷ್ಟೋ ವರ್ಷ ಅದೇ ತೋಟದಲ್ಲಿ ಸೊಪ್ಪು ಕೊಯ್ದವರು, ಅವರಿಗೆ ಪುಸ್ತಕ ಬೇಕಿರಲಿಲ್ಲ. ಬಾಲರಾಜು ಮೇಷ್ಟ್ರ ಪಕ್ಕದಿಂದ ಸರಿದು ಹೆಂಡತಿಯ ಹಿಂದೆ ಬಂದು ನಿಂತ.

"ಸಾಕು, ಸಾಕು! ಇದೇನ್ ಮದ್ವೆ ಮನೆನಾ?" ಮೇಷ್ಟ್ರ ಕುತ್ತಿಗೆಯ ನರ ಉಬ್ಬಿತು. "ಲೇ ಅಂಕಯ್ಯ, ಮಣ್ಣೆಳಿ!"

"ಪದ ನಡೀತೈತಲ್ಲ ಸ್ವಾಮಿ."

"ಎಳಿಯೋ ಅಂದ್ರೆ!"

"ಎಳೆಯಾಕಿಲ್ಲ."

ಅಂಕಯ್ಯ ಗುಂಡಿಯ ಪಕ್ಕದ ಹಸಿ ಮಣ್ಣಿನ ಗುಡ್ಡೆ ಹತ್ತಿದ. ಅದರ ನೆತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗುದ್ದಲಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

"ನೀ ಪದ ಹೇಳವ್ವ" ಎಂದ.